ಒಕ್ಕಲೆಬ್ಬಿಸಿದವರ ಬಾರ್ಲಿ

1983ರ ಮಾರ್ಚ್‌ನಲ್ಲಿ ಸ್ಕಾಟ್‌ಲೆಂಡಿನ ಈಶಾನ್ಯ ಕರಾವಳಿಯ ಬ್ರೋರಾ ಎಂಬ ಸಣ್ಣ ಊರಿನ ವಿಸ್ಕಿ ಭಟ್ಟಿಯ ದಫ್ತರದಲ್ಲಿ ಒಂದು ಸಾಲಿನ ನಮೂದಾಯಿತು. ಭಟ್ಟಿಯ ಮೌನದ ಕಾಲ ಶುರುವಾಗಿದೆ, ಅವಧಿ ನಿಗದಿಯಾಗಿಲ್ಲ ಎಂಬುದು ಅದರ ತಾತ್ಪರ್ಯ. ‘ಮೌನದ ಕಾಲ’ ಎನ್ನುವುದು ಆ ಕಸುಬಿನವರ ಮಾತು. ಬೇಸಿಗೆಯಲ್ಲಿ ನೀರು ಕಡಿಮೆಯಾದಾಗ ಕೆಲವು ವಾರ ಒಲೆ ಆರಿಸಿ, ಹಂಡೆಗಳನ್ನು ತಿಕ್ಕಿ, ರಿಪೇರಿ ಮಾಡಿಸಿಕೊಳ್ಳುವ ಬಿಡುವಿಗೆ ಅವರು ಹಾಗೆನ್ನುತ್ತಾರೆ. ಈ ಸಲದ ಮೌನ 38 ವರ್ಷ ನಡೆಯಿತು.

ವಿಸ್ಕಿಯ ಬಗ್ಗೆ ಬರೆಯುವವರಿಗೆ ಈ ಸಾಲು ಬಹಳ ಪ್ರಿಯ. ಮುಚ್ಚಿಹೋದ ಭಟ್ಟಿಗಳ ಪೈಕಿ, ಐಲಾ ದ್ವೀಪದ ಪೋರ್ಟ್ ಎಲೆನ್ ಒಂದನ್ನು ಬಿಟ್ಟರೆ, ಬ್ರೋರಾದಷ್ಟು ಶೋಕ ಮಾಡಿಸಿಕೊಂಡದ್ದು ಇನ್ನೊಂದಿಲ್ಲ. ಆದರೆ ಅದನ್ನು ಯಾರು, ಯಾಕೆ, ಯಾವ ವರ್ಷ ಕಟ್ಟಿದರು ಎಂದು ಹುಡುಕಿಕೊಂಡು ಹೋದರೆ ಕತೆ ಬೇರೆ ದಾರಿ ಹಿಡಿಯುತ್ತದೆ. ಸ್ಥಾಪನೆಯಾದ ವರ್ಷ 1819. ಅದೇ ವರ್ಷ ಅದೇ ಜಮೀನ್ದಾರರ ಆಳುಗಳು ಒಳನಾಡಿನ ಕಣಿವೆಗಳಲ್ಲಿ ಒಕ್ಕಲುಮಕ್ಕಳ ಮನೆಗಳಿಗೆ ಬೆಂಕಿಯಿಡುತ್ತಿದ್ದರು. ಭಟ್ಟಿ ಕಟ್ಟಿದ್ದು, ಮನೆ ಸುಟ್ಟಿದ್ದು ಎರಡೂ ಒಂದೇ ಲೆಕ್ಕಪುಸ್ತಕದ ಬಾಬತ್ತುಗಳು.

*

ಬ್ರೋರಾ ಇರುವುದು ಸದರ್‌ಲೆಂಡ್ ಎಂಬ ಸೀಮೆಯಲ್ಲಿ, ಇನ್‌ವರ್ನೆಸ್ ಪಟ್ಟಣದಿಂದ ಉತ್ತರಕ್ಕೆ ರಸ್ತೆಯಲ್ಲಿ ಸುಮಾರು 90 ಕಿಲೋಮೀಟರು. ಸದರ್‌ಲೆಂಡ್ ಎಂದರೆ ದಕ್ಷಿಣದ ನಾಡು. ಬ್ರಿಟನ್ನಿನ ನಕ್ಷೆಯಲ್ಲಿ ಉತ್ತರದ ತುದಿಯಲ್ಲಿರುವ ಸೀಮೆಗೆ ಈ ಹೆಸರು ಬಂದದ್ದು ಇನ್ನೂ ಉತ್ತರದ ದ್ವೀಪಗಳಲ್ಲಿ ಕೂತು ಆಳುತ್ತಿದ್ದ ನಾರ್ಸ್ ದೊರೆಗಳಿಂದ. ಅವರಿಗೆ ಇದು ದಕ್ಷಿಣ. ಬ್ರೋರಾ ಎಂಬುದೂ ನಾರ್ಸ್ ಮಾತೇ, ಸೇತುವೆಯಿರುವ ಹೊಳೆ ಎಂದು ಅರ್ಥ. ಅಲ್ಲಿನ ಜನ ಆಡುತ್ತಿದ್ದ ಗೇಲಿಕ್ ಭಾಷೆಯಲ್ಲಿ ಮಾತ್ರ ಆ ಸೀಮೆಯ ಹೆಸರು ಬೆಕ್ಕುಗಳ ನಾಡು. ಬ್ರೋರಾ ವಿಸ್ಕಿಯ ಬಾಟಲಿಯ ಮೇಲೆ ಇಂದಿಗೂ ಕಾಡುಬೆಕ್ಕಿನ ಚಿತ್ರವಿದೆ. ಅದು ಸದರ್‌ಲೆಂಡ್ ಮನೆತನದ ಲಾಂಛನವೂ ಹೌದು.

ಆ ಮನೆತನದ ಉತ್ತರಾಧಿಕಾರಿ ಎಲಿಜಬೆತ್ ಗಾರ್ಡನ್, 1766ರಲ್ಲಿ ಒಂದೆರಡು ವರ್ಷದ ಮಗುವಾಗಿದ್ದಾಗಲೇ ತಂದೆತಾಯಿಯನ್ನು ಕಳೆದುಕೊಂಡು ಅಷ್ಟೂ ನೆಲಕ್ಕೆ ಒಡತಿಯಾದವಳು. 1785ರಲ್ಲಿ ಅವಳ ಕೈಹಿಡಿದವನು ಮುಂದೆ ಮಾರ್ಕ್ವಿಸ್ ಆಫ್ ಸ್ಟ್ಯಾಫರ್ಡ್ ಆದ ಇಂಗ್ಲಿಷ್ ಕುಲೀನ. ಅವನ ಕಡೆಯಿಂದ ಬಂದದ್ದು ಇಂಗ್ಲೆಂಡಿನ ಜಮೀನು ಮತ್ತು ಬ್ರಿಜ್‌ವಾಟರ್ ಕಾಲುವೆಯ ಆದಾಯ. ಆ ಕಾಲದ ಬ್ರಿಟನ್ನಿನ ಅತ್ಯಂತ ಶ್ರೀಮಂತರ ಸಾಲಿನಲ್ಲಿ ಅವನೇ ಮೊದಲಿಗ ಎನ್ನುತ್ತಿದ್ದರು. ಅವಳ ಕಡೆಯಿಂದ ಬಂದದ್ದು ಗುಡ್ಡ, ಜೌಗು, ಕಣಿವೆ ಮತ್ತು ಗೇಣಿ ಕೊಡಲು ಒದ್ದಾಡುವ ಸಾವಿರಾರು ಗೇಲಿಕ್ ಕುಟುಂಬಗಳು. ದುಡ್ಡು ಒಂದು ಕಡೆ, ನೆಲ ಇನ್ನೊಂದು ಕಡೆ. ಎರಡೂ ಸೇರಿದ ಮೇಲೆ ‘ಸುಧಾರಣೆ’ ಶುರುವಾಯಿತು.

ಈ ಸುಧಾರಣೆ ಎಂಬ ಪದವನ್ನು ಆ ಕಾಲದ ಕಾಗದಪತ್ರಗಳಲ್ಲಿ ಓದುವಾಗ ಸ್ವಲ್ಪ ಎಚ್ಚರ ಬೇಕು. ಒಳನಾಡಿನ ಸ್ಟ್ರಾತ್‌ನೇವರ್, ಕಿಲ್ಡೊನನ್ ಮೊದಲಾದ ಹೊಳೆಕಣಿವೆಗಳಲ್ಲಿ ಜನ ತಲೆಮಾರುಗಳಿಂದ ಗುಂಪುಗುಂಪಾಗಿ ಬದುಕಿದ್ದರು. ಕಲ್ಲು-ಹುಲ್ಲುಹೆಂಟೆಯ ಗೋಡೆ, ಮರದ ತೊಲೆ, ಮೇಲೆ ಹುಲ್ಲಿನ ಚಾವಣಿ. ಒಂದೇ ಸೂರಿನಡಿ ಒಂದು ತುದಿಗೆ ಮನುಷ್ಯರು, ಇನ್ನೊಂದು ತುದಿಗೆ ದನ. ಓಟ್ಸ್, ಬಾರ್ಲಿ, ಆಲೂಗಡ್ಡೆ ಬೆಳೆದು ಉಣ್ಣುವುದು, ಕರಿ ದನಗಳನ್ನು ಸಾಕಿ ದಕ್ಷಿಣದ ಸಂತೆಗೆ ಮಾರಿ ಗೇಣಿ ಕಟ್ಟುವುದು. ಆ ದುಡ್ಡು ಸಾಲದಿದ್ದಾಗ ಕಳ್ಳಭಟ್ಟಿ. ಬಾರ್ಲಿಯನ್ನು ನೆನೆಹಾಕಿ ಮೊಳಕೆ ಬರಿಸಿ, ಪೀಟ್ ಹೊಗೆಯಲ್ಲಿ ಒಣಗಿಸಿ, ಕುದಿನೀರಿನಲ್ಲಿ ಕಲಸಿ, ಹುಳಿಸಿ, ತಾಮ್ರದ ಹಂಡೆಯಲ್ಲಿ ಎರಡು ಸಲ ಇಳಿಸುವುದು. ಪೀಟ್ ಎಂದರೆ ಜೌಗಿನಲ್ಲಿ ಸಾವಿರಾರು ವರ್ಷ ಕೊಳೆತು ಗಟ್ಟಿಯಾದ ಸಸ್ಯರಾಶಿ; ಕತ್ತರಿಸಿ ಒಣಗಿಸಿ ಉರಿಸುತ್ತಾರೆ, ಅವರ ಪಾಲಿನ ಬೆರಣಿ ಎನ್ನಿ. ಮೂಟೆಗಟ್ಟಲೆ ಬಾರ್ಲಿಯನ್ನು ಗುಡ್ಡ ದಾಟಿಸುವುದಕ್ಕಿಂತ ಅದನ್ನೇ ಹೀಗೆ ಇಳಿಸಿ ಪುಟ್ಟ ಪೀಪಾಯಿಯಲ್ಲಿ ಸಾಗಿಸುವುದು ಸುಲಭ, ಬೆಲೆಯೂ ಹೆಚ್ಚು. ಅಬಕಾರಿ ಕಾನೂನು ದೊಡ್ಡ ಹಂಡೆಯವರಿಗೆ ಮಾತ್ರ ಅನುಕೂಲವಾಗಿದ್ದರಿಂದ ಸಣ್ಣ ಒಕ್ಕಲು ಕದ್ದು ಇಳಿಸದೆ ಬೇರೆ ದಾರಿ ಇರಲಿಲ್ಲ. ಹೀಗೆ ಬಂದ ಹಣದ ದೊಡ್ಡ ಪಾಲು ಗೇಣಿಯಾಗಿ ಒಡೆಯನಿಗೇ ಸೇರುತ್ತಿತ್ತು ಎಂಬುದನ್ನೂ ಮರೆಯಬಾರದು.

ಅಷ್ಟರಲ್ಲಿ ದಕ್ಷಿಣದ ಗಿರಣಿಗಳಿಗೆ ಉಣ್ಣೆ ಬೇಕಾಯಿತು. ಚೆವಿಯಟ್ ಎಂಬ ತಳಿಯ ಕುರಿ ಉತ್ತರದ ಚಳಿಯನ್ನೂ ತಾಳುತ್ತದೆ ಎಂದು ಗೊತ್ತಾಯಿತು. ಕಣಿವೆಯನ್ನು ಖಾಲಿ ಮಾಡಿಸಿ ಒಬ್ಬನೇ ದೊಡ್ಡ ಕುರಿಗಾರನಿಗೆ ಗುತ್ತಿಗೆ ಕೊಟ್ಟರೆ ನೂರಾರು ಒಕ್ಕಲುಗಳಿಂದ ಬರುವುದಕ್ಕಿಂತ ಎಷ್ಟೋ ಪಟ್ಟು ಗೇಣಿ, ಅದೂ ತಪ್ಪದೆ. ಲೆಕ್ಕ ಅಷ್ಟು ಸರಳ. ಉಳಿದದ್ದು ಆ ಒಕ್ಕಲುಗಳನ್ನು ಎಬ್ಬಿಸುವ ಕೆಲಸ.

1807ರಲ್ಲಿ ಸಣ್ಣದಾಗಿ ಆರಂಭವಾದದ್ದು ಮುಂದಿನ ಹದಿನಾಲ್ಕು ವರ್ಷ ಅಲೆಯಲೆಯಾಗಿ ನಡೆಯಿತು. 1813ರಲ್ಲಿ ಕಿಲ್ಡೊನನ್ ಕಣಿವೆಯವರು ತಿರುಗಿಬಿದ್ದರು. ನೆಲ ನೋಡಲು ಬಂದ ಕುರಿಗಾರರನ್ನು ಓಡಿಸಿದರು, ಸೈನ್ಯ ಬಂತು. ಸೋತವರಲ್ಲಿ ಸುಮಾರು ನೂರು ಜನ ಆ ಬೇಸಿಗೆಯಲ್ಲೇ ಲಾರ್ಡ್ ಸೆಲ್ಕರ್ಕ್‌ನ ಹಡಗು ಹತ್ತಿ ಕೆನಡಾದ ರೆಡ್ ರಿವರ್ ದಂಡೆಗೆ ಹೋದರು. ದಾರಿಯಲ್ಲಿ ಟೈಫಸ್ ಜ್ವರ. ಉಳಿದವರು ಹೋಗಿ ನೆಲೆಸಿದ ಜಾಗಕ್ಕೆ ತಮ್ಮ ಊರಿನ ಹೆಸರನ್ನೇ ಇಟ್ಟರು. ವಿನಿಪೆಗ್ ನಗರದಲ್ಲಿ ಕಿಲ್ಡೊನನ್ ಎಂಬ ಬಡಾವಣೆಗಳು ಇಂದಿಗೂ ಇವೆ.

ಮರುವರ್ಷ ಸ್ಟ್ರಾತ್‌ನೇವರ್‌ನ ಸರದಿ. ಅಲ್ಲಿಯ ಕೆಲಸ ವಹಿಸಿಕೊಂಡವನು ಪ್ಯಾಟ್ರಿಕ್ ಸೆಲ್ಲರ್, ವಕೀಲಿ ಓದಿದವನು, ಎಸ್ಟೇಟಿನ ಪಾರುಪತ್ಯಗಾರ. ಎಬ್ಬಿಸಬೇಕಾಗಿದ್ದ ನೆಲದ ಗುತ್ತಿಗೆಯನ್ನು ತಾನೇ ಹಿಡಿದಿದ್ದ ಎಂಬುದು ಗಮನಿಸಬೇಕಾದ ಸಂಗತಿ. 1814ರ ಜೂನಿನಲ್ಲಿ ಬ್ಯಾಡಿನ್‌ಲಾಸ್ಕಿನ್ ಎಂಬಲ್ಲಿ ಒಂದು ಮನೆಗೆ ಬೆಂಕಿಯಿಟ್ಟಾಗ ಒಳಗೆ ಹಾಸಿಗೆ ಹಿಡಿದ ಮಾರ್ಗರೆಟ್ ಮೆಕೇ ಎಂಬ ಮುದುಕಿ ಇದ್ದಳು. ಅವಳನ್ನು ಹೊತ್ತು ಹೊರಗೆ ತಂದು ಪಕ್ಕದ ಗುಡಿಸಲಿನಲ್ಲಿ ಮಲಗಿಸಿದರು. ಐದು ದಿನಕ್ಕೆ ತೀರಿಕೊಂಡಳು. ಸೆಲ್ಲರ್‌ನ ಮೇಲೆ ಮೊಕದ್ದಮೆ ನಡೆದು 1816ರ ಏಪ್ರಿಲ್‌ನಲ್ಲಿ ಇನ್‌ವರ್ನೆಸ್‌ನ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿತು. ಪಂಚರಾಗಿ ಕೂತವರಲ್ಲಿ ಹೆಚ್ಚಿನವರು ನೆಲವುಳ್ಳವರು.

ಎಲ್ಲಕ್ಕಿಂತ ದೊಡ್ಡ ಅಲೆ 1819ರದ್ದು. ಆಗ ಕಣ್ಣಾರೆ ಕಂಡಿದ್ದ ಡೊನಾಲ್ಡ್ ಮೆಕ್ಲೌಡ್ ಎಂಬ ಕಲ್ಲುಕುಟಿಗ, ಮುಂದೆ ತಾನು ಬರೆದ ಪತ್ರಗಳಲ್ಲಿ ಹೇಳಿದ್ದಾನೆ: ರಾತ್ರಿ ಹನ್ನೊಂದರ ಹೊತ್ತಿಗೆ ಒಂದು ದಿಬ್ಬ ಹತ್ತಿ ನೋಡಿ ಎಣಿಸಿದರೆ ಉರಿಯುತ್ತಿದ್ದ ಮನೆಗಳು 250. ಅವನು ಎಸ್ಟೇಟಿನ ಕಡು ವಿರೋಧಿ, ಅಂಕಿಗಳನ್ನು ಹಿಗ್ಗಿಸುತ್ತಾನೆ ಎನ್ನುವವರಿದ್ದಾರೆ. ಆದರೆ ಜನ ಮತ್ತೆ ಬಂದು ಸೇರಿಕೊಳ್ಳಬಾರದೆಂದು ತೊಲೆಗಳನ್ನು ಸುಟ್ಟರು ಎಂಬ ಸಂಗತಿಯನ್ನು ಯಾರೂ ಅಲ್ಲಗಳೆದಿಲ್ಲ. ಮರವೇ ಸಿಗದ ಸೀಮೆಯಲ್ಲಿ ತೊಲೆ ಸುಟ್ಟರೆ ಮನೆ ಮತ್ತೆ ಎದ್ದು ನಿಲ್ಲುವುದಿಲ್ಲ.

*

ಇವರನ್ನೆಲ್ಲ ಎಲ್ಲಿಗೆ ಕಳಿಸುವುದು? ಇಲ್ಲಿಯೇ ಭಟ್ಟಿಯ ಕತೆ ಶುರುವಾಗುವುದು.

ಎಸ್ಟೇಟಿನ ಪರಮಾಧಿಕಾರಿ ಜೇಮ್ಸ್ ಲಾಖ್ ಎಂಬಾತ ಸೆಲ್ಲರ್‌ನಂತೆ ಸಿಡುಕನಲ್ಲ. ಅರ್ಥಶಾಸ್ತ್ರ ಓದಿಕೊಂಡ, ಪಾರ್ಲಿಮೆಂಟಿಗೂ ಹೋದ ಸಭ್ಯ. 1820ರಲ್ಲಿ ಅವನು ಎಸ್ಟೇಟಿನ ಸುಧಾರಣೆಗಳ ಬಗ್ಗೆ ಒಂದು ಪುಸ್ತಕವನ್ನೇ ಅಚ್ಚು ಹಾಕಿಸಿದ. ಅವನ ಯೋಜನೆಯಲ್ಲಿ ಒಳನಾಡು ಕುರಿಗಳಿಗೆ, ಕರಾವಳಿ ಮನುಷ್ಯರಿಗೆ. ಕಣಿವೆಯವರಿಗೆ ಸಮುದ್ರದ ಅಂಚಿನಲ್ಲಿ ಎರಡು ಮೂರು ಎಕರೆಯ ತುಂಡು ನೆಲ. ಅಷ್ಟರಲ್ಲಿ ಹೊಟ್ಟೆ ತುಂಬಬಾರದು ಎಂಬುದೇ ಲೆಕ್ಕಾಚಾರ, ಆಗ ಮೀನು ಹಿಡಿಯಲೋ ಕೂಲಿಗೋ ಹೋಗುತ್ತಾರೆ. ಉತ್ತರದ ಕಡಲಂಚಿಗೆ ಸ್ಟ್ರಾತ್‌ನೇವರ್‌ನವರು, ಪೂರ್ವದ ಹೆಲ್ಮ್ಸ್‌ಡೇಲ್ ಮತ್ತು ಬ್ರೋರಾದ ಕಡೆಗೆ ಕಿಲ್ಡೊನನ್‌ನವರು. ಹೆಲ್ಮ್ಸ್‌ಡೇಲ್‌ನಲ್ಲಿ ಮೀನಿನ ಬಂದರು ಕಟ್ಟಿದರು. ದನದ ಹಿಂದೆ ಹೋಗಿ ಬೆಳೆದವರು, ದೋಣಿಯನ್ನೇ ಕಾಣದವರು, ಈಗ ಹೆರಿಂಗ್ ಮೀನಿನ ಬಲೆ ಎಳೆಯಬೇಕು.

ಬ್ರೋರಾವನ್ನು ಕೈಗಾರಿಕೆಯ ಊರು ಮಾಡುವ ಆಲೋಚನೆ. ಅಲ್ಲಿ ಕಲ್ಲಿದ್ದಲು ಇತ್ತು. ಬ್ರಿಟನ್ನಿನ ಉಳಿದ ಗಣಿಗಳ ಇದ್ದಲಿಗಿಂತ ಎಷ್ಟೋ ಎಳೆಯದು, ಡೈನೋಸಾರುಗಳ ಜುರಾಸಿಕ್ ಕಾಲದ್ದು, ರಾಶಿ ಹಾಕಿದರೆ ತಾನೇ ಹೊತ್ತಿಕೊಳ್ಳುವಷ್ಟು ಕಳಪೆ. ಹದಿನಾರನೇ ಶತಮಾನದ ಕೊನೆಯಿಂದಲೇ ಅದನ್ನು ತೋಡಿ ಸಮುದ್ರದ ನೀರು ಕುದಿಸಿ ಉಪ್ಪು ಮಾಡುತ್ತಿದ್ದರು. 1810ರ ದಶಕದಲ್ಲಿ ಹೊಸ ಬಾವಿ ತೋಡಿಸಿ, ಉಪ್ಪಿನ ಬಾಣಲೆ ಹೂಡಿಸಿ, ಇಟ್ಟಿಗೆ ಗೂಡು ಹಾಕಿಸಿದರು. ಆಮೇಲೆ, ಊರಿನ ಹೊರಗಿನ ಕ್ಲೈನ್‌ಲೀಶ್ ಎಂಬ ಹೊಲಮನೆಯ ಪಕ್ಕ, 1819ರಲ್ಲಿ ವಿಸ್ಕಿಯ ಭಟ್ಟಿ. ಖರ್ಚು 750 ಪೌಂಡ್ ಎಂದು ದಾಖಲೆ. ಇನ್ನೂ ಒಂದೂವರೆ ಶತಮಾನ ಅದರ ಹೆಸರು ಕ್ಲೈನ್‌ಲೀಶ್ ಎಂದೇ. ಬ್ರೋರಾ ಎಂಬ ಹೆಸರು ಅಂಟಿದ್ದು ಬಹಳ ತಡವಾಗಿ.

ಭಟ್ಟಿ ಯಾಕೆ ಎಂಬುದಕ್ಕೆ ಲಾಖ್ ಕೊಟ್ಟ ಕಾರಣ ಎರಡು. ಕರಾವಳಿಗೆ ಬಂದ ಸಣ್ಣ ಒಕ್ಕಲುಗಳು ಬೆಳೆದ ಬಾರ್ಲಿಗೆ ಹತ್ತಿರದಲ್ಲೇ ಮಾರುಕಟ್ಟೆ ಸಿಗಬೇಕು. ಕಳ್ಳಭಟ್ಟಿ ನಿಲ್ಲಬೇಕು. ಕಳ್ಳಭಟ್ಟಿ ಜನರ ನಡತೆ ಕೆಡಿಸುತ್ತದೆ ಎಂಬುದು ಸುಧಾರಕರ ನೀತಿಪಾಠ. ನನಗೆ ಕಾಣುವಂತೆ ನಡತೆಗಿಂತ ದೊಡ್ಡ ಮಾತು ಬೇರೆಯಿತ್ತು. ಕದ್ದು ಇಳಿಸುವವನಿಗೆ ಒಂದಿಷ್ಟು ಸ್ವಂತ ದುಡ್ಡು, ಒಂದಿಷ್ಟು ಸ್ವಂತ ಧೈರ್ಯ ಇರುತ್ತದೆ. ಬಾರ್ಲಿಯನ್ನು ಮೂಟೆಯಲ್ಲಿ ತಂದು ಒಡೆಯನ ಭಟ್ಟಿಯ ಬಾಗಿಲಲ್ಲಿ ಅಳೆದು ಕೊಡುವವನಿಗೆ ಅದು ಇರುವುದಿಲ್ಲ. ಅವನ ನೆಲ ಒಡೆಯನದು, ಬಾರ್ಲಿ ಕೊಳ್ಳುವ ಭಟ್ಟಿ ಒಡೆಯನದು, ಭಟ್ಟಿಯ ಒಲೆಗೆ ಇದ್ದಲು ಒಡೆಯನ ಗಣಿಯದು, ಬಾರ್ಲಿ ಮಾರಿ ಬಂದ ಹಣ ಗೇಣಿಯಾಗಿ ಮತ್ತೆ ಒಡೆಯನದೇ. ಬಾರ್ಲಿ ಹಿಂಡಿ ಉಳಿದ ಚರಟವನ್ನು ಭಟ್ಟಿಯ ಪಕ್ಕದ ಹಟ್ಟಿಯಲ್ಲಿ ಹಂದಿಗಳಿಗೆ ಹಾಕಿದರು. ಹಂದಿಯ ಗೊಬ್ಬರ ಹೊಲಕ್ಕೆ ಹೋಯಿತು. ಏನೂ ಹಾಳಾಗದ ಅಚ್ಚುಕಟ್ಟಾದ ಏರ್ಪಾಡು ಎಂದು ನೋಡಿದವರೆಲ್ಲ ಮೆಚ್ಚಿದರು, ಮೆಚ್ಚುವಂಥದ್ದೇ.

ಎಸ್ಟೇಟಿನ ಪರ ಹೇಳಬೇಕಾದ್ದೂ ಇದೆ. ಒಳನಾಡಿನ ಬದುಕು ಹಾಲುಜೇನಿನದ್ದಾಗಿರಲಿಲ್ಲ. 1816ರಲ್ಲಿ ಬೆಳೆ ಕೆಟ್ಟು ಜನ ಹಸಿದಾಗ ಎಸ್ಟೇಟು ಹೊರಗಿನಿಂದ ಹಿಟ್ಟು ತರಿಸಿತು. ರಸ್ತೆ, ಸೇತುವೆ, ಬಂದರುಗಳಿಗೆ ಸುರಿದ ಹಣ ಸದರ್‌ಲೆಂಡಿನ ಗೇಣಿಯಿಂದ ಹುಟ್ಟುವಷ್ಟರದ್ದಲ್ಲ, ಅದರಲ್ಲಿ ಬಹುಪಾಲು ಇಂಗ್ಲೆಂಡಿನ ಕಾಲುವೆಯಿಂದ ಬಂದದ್ದು. ಇದನ್ನೆಲ್ಲ ಎರಿಕ್ ರಿಚರ್ಡ್ಸ್‌ರಂಥ ಇತಿಹಾಸಕಾರರು ಎಸ್ಟೇಟಿನದೇ ಕಾಗದಗಳನ್ನು ಓದಿ ವಿವರವಾಗಿ ಬರೆದಿದ್ದಾರೆ. ಲಾಖ್ ತಾನು ಒಳ್ಳೆಯದು ಮಾಡುತ್ತಿದ್ದೇನೆಂದು ಮನಸಾರೆ ನಂಬಿದ್ದ ಎಂದೇ ನನಗೂ ಅನ್ನಿಸುತ್ತದೆ. ಆದರೆ ಹೋಗುವವರನ್ನು ಕೇಳಬೇಕು ಎಂದು ಅವನ ಯೋಜನೆಯಲ್ಲಿ ಎಲ್ಲೂ ಇರಲಿಲ್ಲ.

*

ಈ ಒಕ್ಕಲೆಬ್ಬಿಸುವಿಕೆ ಸದರ್‌ಲೆಂಡಿನ ಗಡಿ ದಾಟಿ ಜಗತ್ತಿನ ಜಗಳವಾದದ್ದು ಒಂದು ತಲೆಮಾರಿನ ನಂತರ. ಮಾರ್ಕ್ವಿಸ್ 1833ರಲ್ಲಿ ಡ್ಯೂಕ್ ಪದವಿಗೇರಿ ಅದೇ ವರ್ಷ ಸತ್ತ. ಅವನ ಸೊಸೆ, ಎರಡನೇ ಡಚೆಸ್, ಅಮೆರಿಕದ ಗುಲಾಮಗಿರಿಯ ವಿರುದ್ಧ ಲಂಡನ್ನಿನಲ್ಲಿ ಹೆಂಗಸರ ಸಭೆ ಕೂಡಿಸಿದವಳು. ‘ಅಂಕಲ್ ಟಾಮ್ಸ್ ಕ್ಯಾಬಿನ್’ ಬರೆದ ಹ್ಯಾರಿಯೆಟ್ ಬೀಚರ್ ಸ್ಟೋ 1853ರಲ್ಲಿ ಬ್ರಿಟನ್ನಿಗೆ ಬಂದಾಗ ಅವಳ ಆತಿಥ್ಯ ಪಡೆದಳು. ಹಿಂತಿರುಗಿ ತನ್ನ ಪ್ರವಾಸದ ‘ಬಿಸಿಲಿನ ನೆನಪು’ಗಳ ಪುಸ್ತಕ ಬರೆದಾಗ, ಸದರ್‌ಲೆಂಡ್ ಮನೆತನದ ಮೇಲಿನ ಆರೋಪಗಳೆಲ್ಲ ಸುಳ್ಳು ಎಂದು ಒಂದು ಅಧ್ಯಾಯವನ್ನೇ ಮೀಸಲಿಟ್ಟಳು. ಆಧಾರ, ಲಾಖ್‌ನ ಪುಸ್ತಕ. ಆ ಹೊತ್ತಿಗೆ ಕೆನಡಾ ಸೇರಿದ್ದ ಕಲ್ಲುಕುಟಿಗ ಮೆಕ್ಲೌಡ್ 1857ರಲ್ಲಿ ಉತ್ತರ ಕೊಟ್ಟ. ಅವನ ಪುಸ್ತಕದ ಹೆಸರು ‘ಮಬ್ಬಿನ ನೆನಪು’ಗಳು. ಇವೆರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದುವುದು ಒಂದು ಶಿಕ್ಷಣವೇ ಸರಿ. ಗುಲಾಮರ ನೋವನ್ನು ಅಷ್ಟು ಚೆನ್ನಾಗಿ ಕಂಡ ಕಣ್ಣಿಗೆ ಆತಿಥೇಯರ ಹಿತ್ತಿಲು ಕಾಣಲಿಲ್ಲ.

ಕಂಡ ಇನ್ನೊಬ್ಬ ಕಾರ್ಲ್ ಮಾರ್ಕ್ಸ್. 1853ರಲ್ಲೇ ನ್ಯೂಯಾರ್ಕಿನ ಪತ್ರಿಕೆಗೆ ಡಚೆಸ್ಸಳ ಮೇಲೆ ಖಾರವಾದ ಲೇಖನ ಬರೆದ. ‘ಬಂಡವಾಳ’ದ ಮೊದಲ ಸಂಪುಟದಲ್ಲಿ ಅದೇ ಉದಾಹರಣೆ ಮತ್ತೆ ಬರುತ್ತದೆ. ಅವನ ಲೆಕ್ಕದಲ್ಲಿ 15,000 ಗೇಲಿಕ್ ಜನರ ಜಾಗಕ್ಕೆ 1825ರ ಹೊತ್ತಿಗೆ ಬಂದದ್ದು 1,31,000 ಕುರಿ. ಇಂದಿನ ಇತಿಹಾಸಕಾರರು ಈ ಸಂಖ್ಯೆಗಳ ಬಗ್ಗೆ ಜಗಳವಾಡುತ್ತಾರೆ. ಸಾವಿರ ಸಾವಿರ ಜನ ಎಂಬುದರಲ್ಲಿ ಜಗಳವಿಲ್ಲ.

ನಮ್ಮ ಕಡೆಗೂ ಒಂದು ಎಳೆ ಬರುತ್ತದೆ. 1799ರಲ್ಲಿ ಈ ಎಸ್ಟೇಟಿನ ಒಕ್ಕಲುಮಕ್ಕಳಿಂದಲೇ 93ನೇ ಸದರ್‌ಲೆಂಡ್ ಹೈಲ್ಯಾಂಡರ್ಸ್ ಎಂಬ ಪಡೆ ಕಟ್ಟಿದ್ದರು. ಮಗ ಸೈನ್ಯಕ್ಕೆ ಸೇರಿದರೆ ಅಪ್ಪನ ನೆಲಕ್ಕೆ ಭದ್ರತೆ ಎಂಬ ಮಾತಿನ ಮೇಲೆ ಸೇರಿದವರು ಅನೇಕರು. ಆ ಅಪ್ಪಂದಿರ ನೆಲ ಎಷ್ಟು ಉಳಿಯಿತೆಂದು ಮೇಲೆ ನೋಡಿದೆವು. 1854ರಲ್ಲಿ ಕ್ರಿಮಿಯಾ ಯುದ್ಧಕ್ಕೆ ಮತ್ತೆ ಜನ ಬೇಕಾಗಿ ಎರಡನೇ ಡ್ಯೂಕ್ ತಾನೇ ಬಂದು ಸಭೆ ಕರೆದಾಗ ಒಬ್ಬನೂ ಮುಂದೆ ಬರಲಿಲ್ಲವಂತೆ. ರಷ್ಯದ ಜಾರ್ ಬಂದು ನಿಮ್ಮ ಅರಮನೆಯಲ್ಲಿ ಕೂತರೂ ನಮಗೆ ಇದಕ್ಕಿಂತ ಕೆಟ್ಟದ್ದೇನೂ ಆಗಲಾರದು ಎಂದು ಒಬ್ಬ ಮುದುಕ ಎದ್ದು ಹೇಳಿದ ಎಂಬ ಕತೆ ಆ ಸೀಮೆಯಲ್ಲಿ ಪ್ರಸಿದ್ಧ. 93ನೇ ಪಡೆ ಮಾತ್ರ, ಅಷ್ಟರಲ್ಲಿ ಬೇರೆ ಸೀಮೆಯವರನ್ನೂ ತುಂಬಿಕೊಂಡು, ಬಾಲಕ್ಲಾವಾದಲ್ಲಿ ಹೆಸರು ಮಾಡಿ 1857ರಲ್ಲಿ ನಮ್ಮ ದೇಶಕ್ಕೆ ಬಂತು. ಆ ನವೆಂಬರ್ 16ರಂದು ಲಖನೌದ ಸಿಕಂದರ್ ಬಾಗ್‌ನ ಗೋಡೆಯೊಳಗೆ ಸುಮಾರು ಎರಡು ಸಾವಿರ ಸಿಪಾಯಿಗಳನ್ನು ಕೊಂದ ಪಡೆಗಳಲ್ಲಿ ಅದೂ ಒಂದು. ಉದಾದೇವಿಯ ಹೆಸರು ಕೇಳಿದವರಿಗೆ ಆ ಜಾಗ ಗೊತ್ತು. ಈಗ ಅಲ್ಲಿ ಸಸ್ಯೋದ್ಯಾನವಿದೆ.

*

ಇನ್ನು ಭಟ್ಟಿಗೆ ಮರಳೋಣ. ಒಡೆಯನ ಲೆಕ್ಕಾಚಾರ ಎಷ್ಟೇ ಅಚ್ಚುಕಟ್ಟಾಗಿದ್ದರೂ ಮೊದಲ ಗುತ್ತಿಗೆದಾರ ಜೇಮ್ಸ್ ಹಾರ್ಪರ್ 1827ರಲ್ಲಿ ದಿವಾಳಿಯೆದ್ದ. ಗಣಿಯೂ ಅದೇ ದಶಕದಲ್ಲಿ ಕೆಲಸ ನಿಲ್ಲಿಸಿತು. 1823ರ ಅಬಕಾರಿ ಕಾಯ್ದೆ 10 ಪೌಂಡ್ ಪರವಾನಗಿಗೆ ಕಾನೂನುಬದ್ಧ ಭಟ್ಟಿ ಹೂಡಲು ಬಿಟ್ಟದ್ದರಿಂದ ಹೈಲ್ಯಾಂಡಿನ ತುಂಬ ಪೈಪೋಟಿ ಹುಟ್ಟಿತು. ಭಟ್ಟಿಗೆ ಒಳ್ಳೆಯ ದಿನ ಬಂದದ್ದು 1846ರಲ್ಲಿ ಜಾರ್ಜ್ ಲಾಸನ್ ವಹಿಸಿಕೊಂಡ ಮೇಲೆ. ಅವನ ಮನೆಯವರು ಐವತ್ತು ವರ್ಷ ನಡೆಸಿದರು. 1871ರ ಹೊತ್ತಿಗೆ ಮೂರನೇ ಡ್ಯೂಕ್ ಸ್ವಂತ ಖರ್ಚಿನಲ್ಲಿ ಹಾಕಿಸಿದ ರೈಲು ಬ್ರೋರಾದ ಮೂಲಕ ಹೋಗತೊಡಗಿತು.

1880ರ ದಶಕದಲ್ಲಿ ಬ್ರಿಟನ್ನಿನ ಭಟ್ಟಿಗಳನ್ನೆಲ್ಲ ಒಂದೊಂದಾಗಿ ಸುತ್ತಿದ ಆಲ್ಫ್ರೆಡ್ ಬರ್ನಾರ್ಡ್ ಎಂಬ ಪತ್ರಕರ್ತ ಇಲ್ಲಿಗೂ ಬಂದ. ಕ್ಲೈನ್‌ಲೀಶ್ ವಿಸ್ಕಿಗೆ ಸ್ಕಾಟ್‌ಲೆಂಡಿನಲ್ಲೇ ಅತಿ ಹೆಚ್ಚು ಬೆಲೆಯಿದೆ, ಖಾಸಗಿ ಗಿರಾಕಿಗಳಿಗೆ ಕೊಟ್ಟು ಮುಗಿಸುವಷ್ಟರಲ್ಲಿ ವ್ಯಾಪಾರಿಗಳಿಗೆ ಇಲ್ಲವೆನ್ನಬೇಕಾಗುತ್ತದೆ ಎಂದು ಬರೆದುಕೊಂಡ. ಅದೇ ದಶಕದಲ್ಲಿ, 1886ರಲ್ಲಿ, ಹೈಲ್ಯಾಂಡಿನ ಸಣ್ಣ ಒಕ್ಕಲುಗಳಿಗೆ ಗೇಣಿಯ ಭದ್ರತೆ ಕೊಡುವ ಕಾಯ್ದೆ ಪಾಸಾಯಿತು. ಗೇಣಿ ಕಟ್ಟುವವರೆಗೆ ಒಕ್ಕಲೆಬ್ಬಿಸುವಂತಿಲ್ಲ, ಭೂಮಿ ಮಕ್ಕಳಿಗೆ ದಾಟುತ್ತದೆ. ನಮ್ಮಲ್ಲಿ 1974ರ ‘ಉಳುವವನೇ ಹೊಲದೊಡೆಯ’ ಕಾಯ್ದೆಯನ್ನು ನೆನೆಯುವವರು ಇದರ ತೂಕ ಬಲ್ಲರು, ಅಷ್ಟು ದೂರ ಇದು ಹೋಗಲಿಲ್ಲವಾದರೂ. ಒಳಕಣಿವೆಗಳಿಗೆ ಅದು ಎಂಬತ್ತು ವರ್ಷ ತಡ. ಅಲ್ಲಿ ಭದ್ರತೆ ಕೊಡಲು ಯಾರೂ ಉಳಿದಿರಲಿಲ್ಲ.

ಮುಂದಿನದು ಎಲ್ಲ ಹಳೆ ಭಟ್ಟಿಗಳ ಕತೆಯಂತೆಯೇ. 1896ರಲ್ಲಿ ಲೀತ್ ಬಂದರಿನ ಬ್ಲೆಂಡಿಂಗ್ ವ್ಯಾಪಾರಿಗಳಾದ ಐನ್ಸ್‌ಲಿಯವರ ಕೈಗೆ, 1912ರಿಂದ ಹಂತಹಂತವಾಗಿ ಡಿಸ್ಟಿಲರ್ಸ್ ಕಂಪನಿ ಎಂಬ ದೈತ್ಯನ ಕೈಗೆ. ನಡುವೆ ಜಾನ್ ವಾಕರ್ ಕಂಪನಿಯೂ ಪಾಲು ಹಿಡಿಯಿತು. 1930ರ ದಶಕದ ಮುಗ್ಗಟ್ಟಿನಲ್ಲಿ ಕೆಲವು ವರ್ಷ, ಮಹಾಯುದ್ಧದಲ್ಲಿ ಬಾರ್ಲಿ ರೇಷನ್ನಾದಾಗ ಇನ್ನು ಕೆಲವು ವರ್ಷ ಬಾಗಿಲು ಮುಚ್ಚಿತ್ತು. ಇಷ್ಟರಲ್ಲಿ ಬಾರ್ಲಿ ಆ ಎರಡೆಕರೆಗಳಿಂದ ಬರುವುದು ನಿಂತು, ವಿಸ್ಕಿ ಬೇರೆ ಬೇರೆ ಊರುಗಳ ವಿಸ್ಕಿಗಳ ಜೊತೆ ಬೆರೆತು ಜಾನಿ ವಾಕರ್ ಬಾಟಲಿಗಳಿಗೆ ಇಳಿಯುತ್ತಿತ್ತು. ಕಟ್ಟಿಸಿದವನ ಉದ್ದೇಶ ಯಾರಿಗೂ ನೆನಪಿರಲಿಲ್ಲ.

1960ರ ದಶಕದಲ್ಲಿ ಜಗತ್ತಿಗೆ ಸ್ಕಾಚ್ ಹುಚ್ಚು ಹಿಡಿಯಿತು. ಕಂಪನಿ ಹಳೆಯ ಭಟ್ಟಿಯ ಎದುರಿಗೇ, ದೊಡ್ಡ ಕಿಟಕಿ, ಆರು ಹಂಡೆಗಳಿರುವ ಹೊಸದೊಂದನ್ನು 1967ರಲ್ಲಿ ಕಟ್ಟಿ ಅದಕ್ಕೇ ಕ್ಲೈನ್‌ಲೀಶ್ ಎಂದು ಹೆಸರಿಟ್ಟಿತು. ಎರಡೇ ಹಂಡೆಯ ಹಳೆಯದು 1968ರಲ್ಲಿ ನಿಂತಿತು. ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಬ್ಲೆಂಡುಗಳಿಗೆ ಹೊಗೆಯ ವಾಸನೆ ಕೊಡುವುದು ಐಲಾ ದ್ವೀಪದ ವಿಸ್ಕಿ, ಆ ದ್ವೀಪದಲ್ಲಿ ಆಗ ಮಾಲಿನ ಕೊರತೆ. ಅಲ್ಲಿನ ಕಲ್ ಈಲಾ ಭಟ್ಟಿಯನ್ನು ಕೆಡವಿ ದೊಡ್ಡದಾಗಿ ಕಟ್ಟುವ ಯೋಜನೆ ಬೇರೆ. ಹೊಗೆ ಎಲ್ಲಿಂದ ತರುವುದು? 1969ರಲ್ಲಿ ಹಳೆಯ ಭಟ್ಟಿಯ ಒಲೆ ಮತ್ತೆ ಹಚ್ಚಿ, ದಟ್ಟವಾಗಿ ಪೀಟ್ ಹೊಗೆ ಹಿಡಿಸಿದ ಬಾರ್ಲಿಯನ್ನು ಅಲ್ಲಿ ಇಳಿಸತೊಡಗಿದರು. ಎರಡು ಭಟ್ಟಿಗೆ ಒಂದೇ ಹೆಸರು ಇರಬಾರದೆಂದು ಹಳೆಯದು ಬ್ರೋರಾ ಆಯಿತು. 1973ರವರೆಗೆ ಹೀಗೆ. ಐಲಾದ ಕೊರತೆ ನೀಗಿದ ಮೇಲೆ ಹೊಗೆ ಕಡಿಮೆಯಾಯಿತು, ಭಟ್ಟಿ ಮಾತ್ರ ಕುಂಟುತ್ತ ಇನ್ನು ಹತ್ತು ವರ್ಷ ನಡೆಯಿತು.

ಆ ನಾಲ್ಕೈದು ವರ್ಷದ ಮಾಲೇ ಇಂದು ದಂತಕತೆ. ಕುಡಿದವರು ಹೊಗೆ, ಮೇಣ, ಹಟ್ಟಿಯ ವಾಸನೆ ಎಂದೆಲ್ಲ ವರ್ಣಿಸುತ್ತಾರೆ. ಹಟ್ಟಿಯ ವಾಸನೆಯನ್ನು ಇಷ್ಟು ಭಕ್ತಿಯಿಂದ ಹೊಗಳುವುದು ವಿಸ್ಕಿಯವರಿಗೇ ಸಾಧ್ಯ. ತಮಾಷೆಯೆಂದರೆ ಅದನ್ನು ಯಾರೂ ಕಲಾಕೃತಿಯೆಂದು ಮಾಡಿದ್ದಲ್ಲ, ಬೇರೆಯವರ ಮಾಲಿನ ಬದಲಿಗೆ ತಯಾರಿಸಿದ ತಾತ್ಕಾಲಿಕ ಮಾಲು.

ಮುಚ್ಚಿದ ಕಾರಣದಲ್ಲೂ ರಮ್ಯವಾದದ್ದೇನಿಲ್ಲ. ವಿಸ್ಕಿ ಇಂದು ಇಳಿಸಿದರೆ ಮಾರುವುದು ಎಷ್ಟೋ ವರ್ಷದ ನಂತರ; ಆದ್ದರಿಂದ ಬೇಡಿಕೆಯನ್ನು ಊಹಿಸಿ ಇಳಿಸಬೇಕು. 1970ರ ದಶಕದ ಊಹೆ ತಪ್ಪಿತು. ತೈಲದ ಬೆಲೆ ಏರಿತು, ಆರ್ಥಿಕತೆ ಕುಸಿಯಿತು, ಯುವಕರು ವೋಡ್ಕಾ ಮತ್ತು ವೈನಿಗೆ ಹೊರಳಿದರು. ಗೋದಾಮುಗಳಲ್ಲಿ ಪೀಪಾಯಿಗಳು ರಾಶಿ ಬಿದ್ದವು. ಪತ್ರಿಕೆಯವರು ವಿಸ್ಕಿಯ ಕೆರೆ ಎಂದು ಹೆಸರಿಟ್ಟರು. 1983ರಲ್ಲಿ ಕಂಪನಿ ಒಂದೇ ಏಟಿಗೆ ಹತ್ತರಷ್ಟು ಭಟ್ಟಿ ಮುಚ್ಚಿತು. ಪೋರ್ಟ್ ಎಲೆನ್, ಸೇಂಟ್ ಮ್ಯಾಗ್ಡಲೀನ್, ಡಲ್ಲಾಸ್ ಡೂ, ಗ್ಲೆನ್ ಮೋರ್ ಹೋದದ್ದು ಆ ವರ್ಷವೇ. ಎರಡು ವರ್ಷದ ನಂತರ ಇನ್ನೊಂದು ಸುತ್ತು. ಎದುರಿಗೇ ಆರು ಹಂಡೆಯ ಹೊಸ ಭಟ್ಟಿ ಇರುವಾಗ ಎರಡು ಹಂಡೆಯ ಬ್ರೋರಾವನ್ನು ಉಳಿಸಿಕೊಳ್ಳಲು ಕಾರಣವೇ ಇರಲಿಲ್ಲ. ಇಲ್ಲಿಯೂ ತೀರ್ಮಾನ ದೂರದ ಕಚೇರಿಯದು.

*

ಆಮೇಲೆ ನಡೆದದ್ದು ವಿಚಿತ್ರ. 1986ರಲ್ಲಿ ಗಿನ್ನೆಸ್ ಆ ಕಂಪನಿಯನ್ನು ನುಂಗಿತು, 1997ರಲ್ಲಿ ಅದು ಡಿಯಾಜಿಯೊ ಆಯಿತು. ನಮ್ಮ ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್ ಈಗ ಇರುವುದೂ ಇವರ ಕೈಯಲ್ಲೇ. ಗೋದಾಮಿನಲ್ಲಿ ಮರೆತ ಬ್ರೋರಾ ಪೀಪಾಯಿಗಳು ಸುಮ್ಮನೆ ಹಳೆಯದಾಗುತ್ತಿದ್ದವು. 1990ರ ದಶಕದ ಮಧ್ಯದಲ್ಲಿ 1972ರ ಮಾಲನ್ನು ಬೆರೆಸದೆ ಬಾಟಲಿಗೆ ತುಂಬಿ ಬಿಟ್ಟರು. ರುಚಿ ನೋಡಿದವರು ಬೆರಗಾದರು. 2002ರಿಂದ ವರ್ಷವರ್ಷ ಮೂವತ್ತರ ಆಸುಪಾಸಿನ ಬ್ರೋರಾ ಬರತೊಡಗಿತು. ಪ್ರತಿ ವರ್ಷ ಬೆಲೆ ಏರಿತು. ಇನ್ನು ಮುಂದೆ ಇಳಿಸುವುದಿಲ್ಲ, ಇದ್ದದ್ದು ಮುಗಿದರೆ ಮುಗಿಯಿತು ಎಂಬುದೇ ಅದರ ಬೆಲೆ. ತೆರೆದಿದ್ದಾಗ ಬ್ಲೆಂಡಿನ ಒಂದು ಬಾಬತ್ತಾಗಿದ್ದದ್ದು ಮುಚ್ಚಿದ ಮೇಲೆ ಹರಾಜಿನಲ್ಲಿ ಸಾವಿರಾರು ಪೌಂಡ್ ಎಣಿಸಿತು.

2017ರ ಅಕ್ಟೋಬರ್‌ನಲ್ಲಿ ಡಿಯಾಜಿಯೊ ಬ್ರೋರಾ ಮತ್ತು ಪೋರ್ಟ್ ಎಲೆನ್ ಎರಡನ್ನೂ 35 ದಶಲಕ್ಷ ಪೌಂಡ್ ಹಾಕಿ ಮತ್ತೆ ತೆರೆಯುವುದಾಗಿ ಸಾರಿತು. ಬ್ರೋರಾದ ಎರಡು ತಾಮ್ರದ ಹಂಡೆಗಳು ಇನ್ನೂ ಅಲ್ಲೇ ಇದ್ದವು. ಅವನ್ನು ಎತ್ತಿ 200 ಮೈಲಿ ದಕ್ಷಿಣದ ಅಲೋವಾ ಪಟ್ಟಣದ ಕಂಚುಗಾರರ ಕಾರ್ಖಾನೆಗೆ ಸಾಗಿಸಿ, ಕೈಯಿಂದಲೇ ತಟ್ಟಿ ಸರಿಪಡಿಸಿ ತಂದರು. ಹಂಡೆಯ ಮನೆಯ ಗೋಡೆ ವಾಲಿತ್ತು. ಒಂದೊಂದೇ ಕಲ್ಲು ಬಿಚ್ಚಿ, ಅದೇ ಕಲ್ಲುಗಳಿಂದ ಹಿಂದಿದ್ದಂತೆಯೇ ಮತ್ತೆ ಕಟ್ಟಿದರು. ಹಳೆಯ ನಕ್ಷೆ, ಹಳೆಯ ಪುಸ್ತಕ, ಹಳೆಯ ನೌಕರರ ನೆನಪು ಎಲ್ಲವನ್ನೂ ಕೆದಕಿದರು. ಹೊಸ ಭಟ್ಟಿಯ ಮುಖ್ಯಸ್ಥನಾಗಿ ಬಂದವರು ಆ ಊರಿನವರೇ ಆದ ಸ್ಟೂವರ್ಟ್ ಬೋಮನ್. ಅವರ ತಂದೆ ಹಳೆಯ ಬ್ರೋರಾದ ಕೊನೆಯ ಅಬಕಾರಿ ಅಧಿಕಾರಿ. 2021ರ ಮೇ ತಿಂಗಳಲ್ಲಿ ಕಾಡುಬೆಕ್ಕಿನ ಚಿತ್ರವಿರುವ ಗೇಟು ತೆರೆದು ಮೊದಲ ಪೀಪಾಯಿ ತುಂಬಿದರು.

ಕೆಲಸ ಶ್ರದ್ಧೆಯದು, ಅದರಲ್ಲಿ ಎರಡು ಮಾತಿಲ್ಲ. ಆ ಊರಿಗೆ ಒಂದಿಷ್ಟು ಕೆಲಸ, ಒಂದಿಷ್ಟು ಪ್ರವಾಸಿಗರು ಬಂದರು. ಆದರೂ ಆ ಕಲ್ಲುಗಳ ವಿಷಯ ಓದುವಾಗ ಸ್ಟ್ರಾತ್‌ನೇವರ್‌ನ ರೊಸಾಲ್ ಎಂಬ ಹಾಳೂರಿನ ನೆನಪಾಗದೆ ಇರದು. ಅಲ್ಲಿಯೂ ಕಲ್ಲುಗಳಿವೆ: ಹುಲ್ಲಿನಡಿ ಮೊಣಕಾಲೆತ್ತರದ ಗೋಡೆಗಳ ಗುರುತು, ಒಲೆಯ ಜಾಗ, ಬಾರ್ಲಿ ಒಣಗಿಸುತ್ತಿದ್ದ ಗೂಡಿನ ತಗ್ಗು. ಪುರಾತತ್ವದವರು 1960ರ ದಶಕದಲ್ಲಿ ಅಗೆದು ಅಳತೆ ತೆಗೆದರು. ಈಗ ನಡುವೆ ಕಾಲುದಾರಿ, ಮಾಹಿತಿ ಫಲಕ. ಮರಳಿ ಕಟ್ಟುವ ಮಾತು ಯಾರೂ ಎತ್ತಿಲ್ಲ, ಎತ್ತಿದರೂ ಬಂದು ಇರುವವರು ಯಾರು?

ಬ್ರೋರಾದಿಂದ ದಕ್ಷಿಣಕ್ಕೆ ಸ್ವಲ್ಪ ದೂರದ ಗಾಲ್ಸ್‌ಪಿ ಊರಿನ ಹಿಂದಿನ ಬೆಟ್ಟದ ತುದಿಯಲ್ಲಿ ಸುಮಾರು ನೂರು ಅಡಿಯ ಸ್ತಂಭವಿದೆ. ಮೇಲೆ ಮೊದಲ ಡ್ಯೂಕ್‌ನ ಪ್ರತಿಮೆ, 1830ರ ದಶಕದಲ್ಲಿ ನಿಲ್ಲಿಸಿದ್ದು. ಒಕ್ಕಲುಗಳು ಪ್ರೀತಿಗೌರವದಿಂದ ನಿಲ್ಲಿಸಿದರೆಂದು ಕೆಳಗಿನ ಬರಹ ಹೇಳುತ್ತದೆ. ಒಂದು ಶಿಲ್ಲಿಂಗ್ ಹೊಂದಿಸಲಾಗದವರು ಮುಂದೇನಾಗುವುದೋ ಎಂದು ನಡುಗುತ್ತಿದ್ದರು ಎಂದು ಮೆಕ್ಲೌಡ್ ಹೇಳುತ್ತಾನೆ. ಕೆಡವಬೇಕೆಂದು 1994ರಲ್ಲಿ ಒಂದು ಮನವಿ ಹೋಗಿತ್ತು. ಬುಡದ ಕಲ್ಲು ಕೀಳಲು ಕಿಡಿಗೇಡಿಗಳು ಪ್ರಯತ್ನಿಸಿದ್ದೂ ಉಂಟು. ಪ್ರತಿಮೆ ಅಲ್ಲೇ ಇದೆ, ಕಡಲಿಗೆ ಮುಖ, ಕಣಿವೆಗಳಿಗೆ ಬೆನ್ನು. 2007ರಲ್ಲಿ ಹೆಲ್ಮ್ಸ್‌ಡೇಲ್‌ನಲ್ಲಿ ಇನ್ನೊಂದು ಪ್ರತಿಮೆ ಬಂತು: ಗಂಡ, ಹೆಂಡತಿ, ಮಕ್ಕಳು, ಊರು ಬಿಟ್ಟು ಹೊರಟವರು. ಅದರದೇ ಒಂದು ಪ್ರತಿ ವಿನಿಪೆಗ್‌ನಲ್ಲೂ ಇದೆ.

ಇನ್‌ವರ್ನೆಸ್‌ನಿಂದ ಹೊರಟ ರೈಲು ಬ್ರೋರಾದಲ್ಲಿ ವಿಸ್ಕಿಯ ಭಕ್ತರನ್ನು ಇಳಿಸಿ ಕಡಲಿನ ಪಕ್ಕದಲ್ಲೇ ಹೆಲ್ಮ್ಸ್‌ಡೇಲ್‌ವರೆಗೆ ಹೋಗುತ್ತದೆ. ಅಲ್ಲಿಂದ ಎಡಕ್ಕೆ ಹೊರಳಿ ಒಳನಾಡು ಹೊಕ್ಕು ಹೊಳೆಯ ಜೊತೆಯಲ್ಲೇ ಏರುತ್ತದೆ. ಎರಡೂ ಕಡೆ ಹುಲ್ಲುಗುಡ್ಡ, ಅಲ್ಲಲ್ಲಿ ಕುರಿ. ಕಿಲ್ಡೊನನ್ ಎಂಬಲ್ಲಿ ಒಂದು ಪುಟ್ಟ ನಿಲ್ದಾಣವಿದೆ. ಇಳಿಯುವವರೋ ಹತ್ತುವವರೋ ಕೇಳಿಕೊಂಡರೆ ರೈಲು ನಿಲ್ಲುತ್ತದೆ, ಇಲ್ಲದಿದ್ದರೆ ಇಲ್ಲ.